ಲೆಕ್ಕಕ್ಕೆ ಮೀರಿದ ಹಲ್ಲು

ನಾನೊಂದು ಹಲ್ಲು. ಆದರೆ ನನಗೆ ಹೆಸರಿಲ್ಲ. ಬಾಚಿಹಲ್ಲು, ಕೋರೆಹಲ್ಲು, ದವಡೆಹಲ್ಲು ಎಂದು ಬಾಯೊಳಗಿನ ಎಲ್ಲರಿಗೂ ಒಂದು ಹೆಸರು, ಒಂದು ಕೆಲಸ, ಒಂದು ಜಾಗ ಇರುತ್ತದೆ. ನನಗೆ ಅವು ಯಾವುವೂ ಇರಲಿಲ್ಲ. ಮುದ್ದನಕಟ್ಟೆಯ ಶಶಿಕಲಾ ಎಂಬ ಹುಡುಗಿಯ ಮೇಲ್ದವಡೆಯಲ್ಲಿ, ಮೂಗಿನ ನೇರ ಕೆಳಗೆ, ಎಲುಬಿನ ಕತ್ತಲಲ್ಲಿ ನಾನು ಹುಟ್ಟಿದೆ. ಒಂದು ಮೊಳಕೆ ಒಡೆಯಬೇಕಾದ ಕಡೆ ಎರಡು ಒಡೆದಿತ್ತು, ಅಷ್ಟೇ.

ನನ್ನ ಪಕ್ಕದಲ್ಲೇ ಲೆಕ್ಕದ ಹಲ್ಲು ಬೆಳೆಯುತ್ತಿತ್ತು. ಅಗಲವಾದ, ಗುದ್ದಲಿಯ ಬಾಯಿಯಂಥ ಬಾಚಿಹಲ್ಲು. ಅದಕ್ಕೆ ಅವಸರವಿರಲಿಲ್ಲ. ನನಗೆ ಮಾತ್ರ ಹುಟ್ಟಿನಿಂದಲೂ ನಿಂತಲ್ಲಿ ನಿಲ್ಲಲಾರದ ತಹತಹ. ಮುಳ್ಳಿನಂತೆ ಸಣ್ಣಗಿದ್ದೆನಾದ್ದರಿಂದ ನುಸುಳುವುದು ಸುಲಭವಾಯಿತು. ಶಶಿಯ ಮುಂದಿನ ಹಾಲುಹಲ್ಲುಗಳು ಬಿದ್ದದ್ದೇ ತಡ, ಬಲಗಡೆಯ ಬಾಚಿಹಲ್ಲು ತನ್ನ ಪಾಡಿಗೆ ಇಳಿಯಿತು. ಎಡಗಡೆಯದು ಇಳಿಯುವ ಮೊದಲೇ ಅದರ ಬಾಗಿಲಿಗೆ ಅಡ್ಡಲಾಗಿ ನಾನು ಇಳಿದೆ. ದಾರಿ ಕಾಣದೆ ಅದು ನನ್ನ ಬೆನ್ನ ಮೇಲೆ ಓರೆಯಾಗಿ ಮಲಗಿತು. ಅಂದಿನಿಂದ ಹಗಲೂ ರಾತ್ರಿ ಅದರ ತಳ್ಳಾಟ. ಶಶಿ ನಿದ್ದೆ ಮಾಡಿದರೂ ನನಗೆ ನಿದ್ದೆಯಿಲ್ಲ.

ಶಶಿಯ ಅಪ್ಪ ಜುಂಜಣ್ಣ ದನದ ಸಂತೆಯಲ್ಲಿ ಹಲ್ಲು ನೋಡುವವನು. ಎತ್ತಿನ ಮೂತಿ ಹಿಡಿದು, ಕೆಳತುಟಿ ಮಡಚಿ, ಹೆಬ್ಬೆರಳನ್ನು ಒಮ್ಮೆ ಎಳೆದರೆ ಸಾಕು, ಅದರ ವಯಸ್ಸು ಹೇಳಿಬಿಡುತ್ತಿದ್ದ. ಮಾರುವವನೂ ಕೊಳ್ಳುವವನೂ ಆ ಹೆಬ್ಬೆರಳನ್ನು ನಂಬುತ್ತಿದ್ದರು. ಮುದಿ ಎತ್ತಿನ ಹಲ್ಲನ್ನು ಅರದಿಂದ ಉಜ್ಜಿ ಎಳೆಯದೆಂದು ತೋರಿಸುವವರನ್ನು ಅವನು ಸಂತೆಯಿಂದಲೇ ಓಡಿಸಿದ್ದ.

ನಾನು ಒಸಡು ಸೀಳಿ ಹೊರಬಂದ ದಿನ ಶಶಿ ಓಡಿಹೋಗಿ ಅವನ ಮುಂದೆ ಬಾಯಿ ತೆರೆದಳು. ಹೆಬ್ಬೆರಳು ಬಂತು. ಬಲಗಡೆಯ ಬಾಚಿಹಲ್ಲನ್ನು ಸವರಿ ನನ್ನ ಮೇಲೆ ಹಾಯಿತು. ಮುಂದೆ ಹೋಗಿ, ಹಿಂದಕ್ಕೆ ಬಂದು, ಮತ್ತೆ ನನ್ನ ಮೇಲೆ ನಿಂತಿತು. ಹಾಲುಹಲ್ಲು ಬಿದ್ದ ಕಡೆ ಬರುವ ದೊಡ್ಡ ಹಲ್ಲು ಎಷ್ಟು ಅಗಲವಿರುತ್ತದೆ ಎಂಬುದು ಆ ಬೆರಳಿಗೆ ಗೊತ್ತಿಲ್ಲದ ವಿಷಯವೇ? ಹೆಚ್ಚು ಹಲ್ಲಿನ ಎತ್ತು ಮನೆಗೆ ಆಗಿಬರುವುದಿಲ್ಲ ಎಂಬುದು ಆ ಸಂತೆಯ ನಂಬಿಕೆ. ಅಂಥದರ ಹಗ್ಗವನ್ನೂ ಯಾರೂ ಮುಟ್ಟುತ್ತಿರಲಿಲ್ಲ. ಬೆರಳು ಹೊರಗೆ ಬಂತು.

"ಬಂತು ಕಣೇ, ಹಲ್ಲು ಬಂತು," ಎಂದು ಅವನು ಹೆಂಡತಿ ಈರಕ್ಕನಿಗೆ ಕೂಗಿ ಹೇಳಿದ.

ಹಲ್ಲಿನ ವಿಷಯದಲ್ಲಿ ಜುಂಜಣ್ಣ ಹೇಳಿದ ಮೊದಲ ಸುಳ್ಳು ಅದು. ಆಗ ಅದು ಗೊತ್ತಿದ್ದದ್ದು ಅವನಿಗೆ ಮತ್ತು ನನಗೆ.

ಶಾಲೆಯಲ್ಲಿ ಮಕ್ಕಳು ಶಶಿಗೆ ಮೊದಲು ಮುಳ್ಳುಹಲ್ಲಿ ಎಂದರು. ಆಮೇಲೆ ಮುಳ್ಳು ಉದುರಿ ಬರೀ ಹಲ್ಲಿ ಉಳಿಯಿತು. "ಏ ಹಲ್ಲಿ, ನಾ ಹೇಳಿದ್ದು ದಿಟ ತಾನೆ? ಎಲ್ಲಿ, ಲೊಚ್ ಅನ್ನು ನೋಡಾಣ," ಎಂದು ಪಕ್ಕದ ಬೆಂಚಿನವಳು ದಿನಕ್ಕೆ ನಾಲ್ಕು ಸಲ ಕೇಳುವಳು. ಶಶಿ ನಗುವಾಗ ಅಂಗೈ ಅಡ್ಡ ಹಿಡಿಯುವುದನ್ನು ಕಲಿತಳು. ಆಮೇಲೆ ನಗುವುದನ್ನೇ ಕಡಿಮೆ ಮಾಡಿದಳು. ಸುಮ್ಮನೆ ಕುಳಿತಾಗ ಅವಳ ನಾಲಿಗೆ ಬಂದು ನನ್ನನ್ನು ಹಿಂದಿನಿಂದ ನೂಕುತ್ತಿತ್ತು. ಮೇಲಿನಿಂದ ಅದು ತಳ್ಳಬೇಕು, ಹಿಂದಿನಿಂದ ಇದು ನೂಕಬೇಕು. ನಾನು ಇನ್ನಷ್ಟು ಗಟ್ಟಿಯಾಗಿ ಕಚ್ಚಿ ಹಿಡಿದೆ.

ಮರುವರ್ಷ ಶಾಲೆಗೆ ಹಲ್ಲು ಪರೀಕ್ಷೆಗೆಂದು ಡಾಕ್ಟರಮ್ಮ ಜಬೀನ್ ಬಂದರು. ಸಣ್ಣ ಕನ್ನಡಿ ಒಳಗಿಟ್ಟು ನನ್ನನ್ನು ಸುತ್ತಮುತ್ತ ನೋಡಿದರು.

"ಇದು ನಿಂದಲ್ಲ ಕಣಮ್ಮ," ಎಂದರು. ಶಶಿ ಗಾಬರಿಯಾದದ್ದು ಕಂಡು, "ಅಂದ್ರೆ, ನಿಂದೇ. ಲೆಕ್ಕದ್ದಲ್ಲ ಅಷ್ಟೆ. ನಿಮ್ಮಪ್ಪನ್ನ ಆಸ್ಪತ್ರೆಗೆ ಕರ್ಕೊಂಡ್ ಬಾ," ಎಂದರು.

ಆಸ್ಪತ್ರೆಯಲ್ಲಿ ಫೋಟೊ ತೆಗೆದರು. ಡಾಕ್ಟರಮ್ಮ ಆ ಕಪ್ಪು ಫಿಲ್ಮನ್ನು ಕಿಟಕಿಗೆ ಹಿಡಿದು ಜುಂಜಣ್ಣನಿಗೆ ತೋರಿಸಿದರು. "ನೋಡಿ, ಈ ಮುಳ್ಳಿನ ಥರ ಇರೋದು ಹೆಚ್ಚಿಂದು. ಅದರ ಮೇಲೆ ಅಡ್ಡ ಮಲಗಿದೆಯಲ್ಲ, ಅದು ಇವಳ ನಿಜವಾದ ಹಲ್ಲು. ನೂರು ಜನರಲ್ಲಿ ಒಬ್ಬರಿಗೋ ಇಬ್ಬರಿಗೋ ಹೀಗಿರುತ್ತೆ. ಗಂಡುಮಕ್ಕಳಿಗೇ ಜಾಸ್ತಿ. ಹೆಚ್ಚಾಗಿ ಇದೇ ಜಾಗದಲ್ಲಿ. ಕೆಲವು ಹೊರಗೇ ಬರಲ್ಲ, ತಲೆಕೆಳಗಾಗಿ ಮೂಗಿನ ಕಡೆಗೆ ಬೆಳೀತವೆ."

ನನ್ನಂಥವು ಇನ್ನೂ ಇವೆ ಎಂದು ಆಗಲೇ ನನಗೆ ತಿಳಿದದ್ದು. ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಎಲ್ಲೋ ಎಷ್ಟೋ ಬಾಯಿಗಳಲ್ಲಿ ಇಂಥದೇ ತಳ್ಳಾಟ ನಡೆಯುತ್ತಿದೆಯಲ್ಲ ಎನ್ನಿಸಿತು.

"ದನಕ್ಕೆ ಮೇಲ್ಗಡೆ ಮುಂದಿನ ಹಲ್ಲೇ ಇರಲ್ಲ ಡಾಕ್ಟ್ರೇ," ಎಂದ ಜುಂಜಣ್ಣ. "ಮೇಲಿನ ಲೆಕ್ಕ ನಮಗೇನು ಗೊತ್ತಾಯ್ತದೆ?"

"ಮೇಲೋ ಕೆಳಗೋ, ದೊಡ್ಡ ಹಲ್ಲು ಅಗಲ ಇರುತ್ತೋ ಸಣ್ಣ ಇರುತ್ತೋ?"

ಜುಂಜಣ್ಣ ಫಿಲ್ಮಿನಿಂದ ಮುಖ ತಿರುಗಿಸಿದ. "ಬಾಯಿಗೆ ಕೈ ಹಾಕ್ಸಾಕಿಲ್ಲ ನಾನು. ಹಲ್ಲು ಕೀಳೋರ್ನ ಕಂಡ್ರೇ ನಂಗಾಗಲ್ಲ," ಎಂದು ಎದ್ದ.

"ಬೇಗ ಮನಸ್ಸು ಮಾಡಿ. ಬೇರು ಪೂರ್ತಿ ಬಲಿತುಬಿಟ್ರೆ ಆ ಹಲ್ಲು ತಾನಾಗಿ ಇಳಿಯೋದು ಕಷ್ಟ," ಎಂದು ಡಾಕ್ಟರಮ್ಮ ಹಿಂದಿನಿಂದ ಹೇಳಿದರು.

ರಾಗಿ ಒಕ್ಕಣೆ ಆಗಲಿ ಎಂದ. ಒಕ್ಕಣೆ ಆಯಿತು. ಸಂಕ್ರಾಂತಿ ಕಳೆಯಲಿ ಎಂದ, ಅದೂ ಕಳೆಯಿತು. ಮೇಲಿನ ತಳ್ಳಾಟ ದಿನದಿಂದ ದಿನಕ್ಕೆ ಸೋಲುತ್ತ ಬಂತು. ಮೊದಲು ಅದು ತಳ್ಳುತ್ತದೆಂದು ನನಗೆ ಸಿಟ್ಟಿತ್ತು. ಈಗ ತಳ್ಳುತ್ತಿಲ್ಲವಲ್ಲ ಎಂದು ಭಯವಾಯಿತು. ಅದು ಹಾಗೇ ಎಲುಬಿನೊಳಗೆ ಮಲಗಿಬಿಟ್ಟರೆ ಈ ಹುಡುಗಿ ಬದುಕಿಡೀ ಬಾಯಿಗೆ ಕೈ ಅಡ್ಡ ಹಿಡಿಯಬೇಕು. ಹಲ್ಲಿಗೆ ಕಾಲಿಲ್ಲ. ಪಕ್ಕಕ್ಕೆ ಸರಿಯುತ್ತೇನೆಂದರೂ ಸರಿಯುವಂತಿರಲಿಲ್ಲ.

ಒಂದು ಭಾನುವಾರ ಶಶಿ ಅಪ್ಪನಿಗೆ ಬುತ್ತಿ ತೆಗೆದುಕೊಂಡು ಸಂತೆಗೆ ಹೋದಳು. ಕಾಟಪ್ಪನೆಂಬವನು ಮಾರಲು ತಂದ ಎತ್ತಿನ ಬಾಯಿಗೆ ಜುಂಜಣ್ಣ ಕೈ ಹಾಕಿದ್ದ. ಸುತ್ತ ಏಳೆಂಟು ಜನ.

"ಎಂಟಿರಬೇಕು, ಒಂಬತ್ತೈತೆ," ಎಂದ ಜುಂಜಣ್ಣ.

"ಮೆತ್ತಗೇಳಣ್ಣ, ತಗೊಳ್ಳೋರು ನಿಂತವ್ರೆ."

"ಮೆತ್ತಗೇಳಿದ್ರೆ ಎಂಟಾಯ್ತದ?"

ಜನ ನಕ್ಕರು. ಕಾಟಪ್ಪನ ಮುಖ ಕೆಂಪಾಯಿತು. "ದನದ ಬಾಯಾದ್ರೆ ಊರಿಗೇ ಕೇಳಂಗೆ ಎಣಿಸ್ತೀಯ. ಮಗಳ ಬಾಯಿಗ್ ಬಂದಾಗ ಎಲ್ಲೋಯ್ತಪ್ಪ ಗಂಟ್ಲು? ಇಸ್ಕೂಲಲ್ಲಿ ಹಲ್ಲಿ ಅಂತಾರಂತಲ್ಲ."

ನಗು ನಿಂತಿತು. ಶಶಿ ಬುತ್ತಿಯನ್ನು ನೆಲದ ಮೇಲಿಟ್ಟಳು. ಜನರ ನಡುವೆ ದಾರಿ ಮಾಡಿಕೊಂಡು ಹೋಗಿ, ಅಪ್ಪನ ಮುಂದೆ ನಿಂತು, ಮೇಲ್ದುಟಿಯನ್ನು ತಾನೇ ಎತ್ತಿ ಹಿಡಿದಳು. ಬಿಸಿಲು ನೇರ ನನ್ನ ಮೇಲೆ ಬಿತ್ತು.

"ಎಣಿಸಪ್ಪಯ್ಯ."

"ಮನೆಗೋಗು ಮಗಾ."

"ದನಕ್ಕೆ ಎಣಿಸ್ದಂಗೇ ಎಣಿಸು."

ಜುಂಜಣ್ಣ ಪಂಚೆಯ ಅಂಚಿಗೆ ಕೈ ಒರೆಸಿಕೊಂಡ. ಎತ್ತಿನ ಜೊಲ್ಲು, ಹಸಿಹುಲ್ಲು ಎರಡೂ ಸೇರಿದ ವಾಸನೆಯ ಆ ಹೆಬ್ಬೆರಳು ಬಲಗಡೆಯಿಂದ ಶುರುಮಾಡಿತು. ಒಂದೊಂದನ್ನೂ ಮುಟ್ಟಿ ಎಣಿಸುತ್ತ ಬಂದು ನನ್ನ ಮೇಲೆ ನಿಂತಿತು.

"ಇದು ಹೆಚ್ಗೆ," ಎಂದ. ಬೆರಳು ತೆಗೆದು, "ನಿಜವಾದ್ದು ಇನ್ನೂ ಮೇಲೈತೆ. ಬಂದೈತೆ ಅಂತ ನಾನೇ ಸುಳ್ಳೇಳಿದ್ದೆ," ಎಂದ.

ಕಾಟಪ್ಪ ಎತ್ತಿನ ಕೊರಳು ಸವರುತ್ತ ನೆಲ ನೋಡಿದ. ಶಶಿ ತುಟಿ ಬಿಟ್ಟು, ಬುತ್ತಿ ಎತ್ತಿ ಅಪ್ಪನ ಕೈಗೆ ಕೊಟ್ಟಳು.

ಮಾರನೆಯ ದಿನವೇ ಅಪ್ಪ ಮಗಳು ಆಸ್ಪತ್ರೆಯಲ್ಲಿದ್ದರು. ಸೂಜಿ ಚುಚ್ಚಿದರು, ಒಸಡು ಮರಗಟ್ಟಿತು, ಇಕ್ಕಳ ನನ್ನ ಸೊಂಟ ಹಿಡಿಯಿತು. ಅಷ್ಟು ದಿನ ಹಿಡಿದದ್ದನ್ನು ಬಿಡುವುದಕ್ಕೆ ಮೂರು ಸಲ ಅಲ್ಲಾಡಿಸಿದ್ದು ಸಾಕಾಯಿತು. ಬಿಳಿ ಬಟ್ಟೆಯ ಮೇಲೆ ಬಿದ್ದಾಗ ನನ್ನ ಹುಡುಗಿಯ ಮುಖವನ್ನು ಮೊದಲ ಸಲ ಹೊರಗಿನಿಂದ ನೋಡಿದೆ. ಜುಂಜಣ್ಣ ನನ್ನನ್ನು ಎರಡು ಬೆರಳಲ್ಲಿ ಎತ್ತಿ, ತಿರುಗಿಸಿ ನೋಡಿ, "ಇದಕ್ಕೂ ಬೇರೈತೆ," ಎಂದ, ಯಾರಿಗೆಂದಿಲ್ಲದೆ.

ಸಗಣಿಯಲ್ಲಿಟ್ಟು ಸೂರಿನ ಮೇಲೆ ಎಸೆ ಎಂದಳು ಈರಕ್ಕ. "ಅದು ಹಾಲುಹಲ್ಲಿಗೆ. ಇದಕ್ಕೆ ಶಾಸ್ತ್ರ ಇಲ್ಲ," ಎಂದು ಅವನು ನನ್ನನ್ನು ಎಲೆಅಡಿಕೆ ಚೀಲಕ್ಕೆ ಹಾಕಿಕೊಂಡ. ಒಂದು ವರ್ಷ ಕಾಯೋಣ, ಇಳಿಯದಿದ್ದರೆ ಒಸಡು ಕೊಯ್ದು ಎಳೆಯಬೇಕಾಗುತ್ತದೆ ಎಂದಿದ್ದರು ಡಾಕ್ಟರಮ್ಮ. ಸುಣ್ಣದ ಡಬ್ಬಿಗೂ ಅಡಿಕೆಗೂ ಡಿಕ್ಕಿ ಹೊಡೆಯುತ್ತ ನಾನು ಆ ವರ್ಷವೆಲ್ಲ ಸಂತೆಯಿಂದ ಸಂತೆಗೆ ತಿರುಗಿದೆ. ಮನೆ ಸೇರಿದೊಡನೆ ಅವನು ಕೇಳುವುದು ಒಂದೇ ಮಾತು, "ಎಲ್ಲಿ ಮಗಾ?" ಶಶಿಯ ಉತ್ತರವೂ ಒಂದೇ, "ಇನ್ನೂ ಇಲ್ಲ." ಆ 'ಇಲ್ಲ' ಕೇಳಿದ ರಾತ್ರಿ ಚೀಲದೊಳಗೆ ನನಗೆ ತಡೆಯಲಾಗುತ್ತಿರಲಿಲ್ಲ.

ಹನ್ನೊಂದನೆಯ ತಿಂಗಳು ಒಸಡು ಬೆಳ್ಳಗಾಗಿ ಬಿಗಿಯಿತು. ಆಮೇಲೆ ಅಂಚು ಕಂಡಿತು. ಗರಗಸದಂತೆ ಮೂರು ಸಣ್ಣ ಉಬ್ಬುಗಳಿರುವ ಹೊಸ ಅಂಚು. ಹಲ್ಲು ಸ್ವಲ್ಪ ತಿರುಚಿಕೊಂಡೇ ಇಳಿಯಿತು. ಅಷ್ಟು ದಿನ ಓರೆ ಮಲಗಿದ್ದಕ್ಕೆ ಅಷ್ಟಾದರೂ ಬೇಡವೇ.

ಅದು ಪೂರ್ತಿ ಇಳಿದ ಮೇಲೆ ಒಂದು ದಿನ ಶಶಿ ಅಪ್ಪನ ಚೀಲದಿಂದ ನನ್ನನ್ನು ತೆಗೆದುಕೊಂಡು ಹೋಗಿ ಕನ್ನಡಿಯ ಮುಂದೆ ನಿಂತಳು. ಬಾಯಿ ತೆರೆದು, ನಾನಿದ್ದ ಕಡೆಗೆ ನನ್ನನ್ನು ಹಿಡಿದು ನೋಡಿದಳು. ಈ ಕಡೆಯಿಂದ ಒಮ್ಮೆ, ಆ ಕಡೆಯಿಂದ ಒಮ್ಮೆ. ಜಾಗವಿರಲಿಲ್ಲ.

ಈಗ ನಾನು ಅವಳ ಜಾಮಿಟ್ರಿ ಬಾಕ್ಸಿನ ಮೂಲೆಯಲ್ಲಿದ್ದೇನೆ. ಅವಳು ಓಡಿದಾಗ ಕೈವಾರಕ್ಕೆ ತಗುಲಿ ಗಿಲಿಗಿಲಿ ಎನ್ನುತ್ತೇನೆ. ಉಳಿದ ಹೊತ್ತು ಯೋಚಿಸುತ್ತೇನೆ. ಹಲ್ಲಾಗಿ ಹುಟ್ಟಿ ಒಂದು ಅಡಿಕೆ ಹೋಳನ್ನೂ ಕಚ್ಚಲಿಲ್ಲ ನಾನು, ಒಂದು ಜಾಗವನ್ನು ಕಚ್ಚಿಕೊಂಡಿದ್ದೆ ಅಷ್ಟೇ. ಮೊನ್ನೆ ಶಾಲೆಯಿಂದ ಬರುವಾಗ ಯಾರೋ ಅವಳಿಗೆ ಒಂದು ಜಲ್ಲೆ ಕಬ್ಬು ಕೊಟ್ಟರು. ಅವಳು ಸಿಪ್ಪೆಯನ್ನು ಹಲ್ಲಲ್ಲಿ ಹಿಡಿದು ಸರ್ರನೆ ಸಿಗಿದ ಸದ್ದು ಡಬ್ಬಿಯೊಳಗೂ ಕೇಳಿಸಿತು.