ಬಲಕ್ಕೆ ಜಾರಿದ ಗೆರೆ

ಪಕ್ಕದ ಮನೆಯ ವರಲಕ್ಷ್ಮಮ್ಮ ಪೆಟ್ರೋಲಿನಲ್ಲಿ ಅದ್ದಿದ ಬಟ್ಟೆಯಿಂದ ಹೆಣದ ಎಡಗೈ ಹೆಬ್ಬೆರಳನ್ನು ತಿಕ್ಕುತ್ತಿದ್ದಳು. ಉಗುರಿನ ಮೇಲಿನ ಕೆಂಪು ಅರ್ಧ ಹೋಗಿತ್ತು, ಉಳಿದರ್ಧ ಜಪ್ಪಯ್ಯ ಎನ್ನುತ್ತಿರಲಿಲ್ಲ. ಗಂಡಸು ನೈಲ್ ಪಾಲಿಶ್ ಹಚ್ಚಿಕೊಂಡು ಗುಂಡಿಗೆ ಇಳಿದರೆ ಊರವರು ಏನೆಂದಾರು ಎಂಬುದು ಅವಳ ಚಿಂತೆ. ಊರವರು ಹದಿನೆಂಟು ವರ್ಷಗಳಿಂದ ಅನ್ನುತ್ತಲೇ ಬಂದಿದ್ದರು. ಇನ್ನು ಅನ್ನಲು ಹೊಸದೇನೂ ಉಳಿದಿರಲಿಲ್ಲ.

"ಬ್ಲೇಡ್ ತಗೊಂಬಾಮ್ಮ ಮಂಗಮ್ಮ," ಎಂದಳು ಸತ್ತವನ ಹೆಂಡತಿಗೆ. "ಕೆರೆದೇ ತೆಗೀಬೇಕು ಇದನ್ನ."

ಮಂಗಮ್ಮ ಬ್ಲೇಡ್ ತಂದುಕೊಟ್ಟಳು. ಆ ಕೆಂಪನ್ನು ಅವಳೂ ಎಂದೂ ಇಷ್ಟಪಟ್ಟವಳಲ್ಲ.

ಸತ್ತವನು ಮುನಿಗಂಗಪ್ಪ, ಐವತ್ತಾರು ವರ್ಷ, ಮಂಡಿಕಲ್ ಬಸ್ ನಿಲ್ದಾಣದ ಪಕ್ಕದ ತಗಡಿನ ಶೆಡ್ಡಿನಲ್ಲಿ ಬೈಕ್ ರಿಪೇರಿ ಮಾಡುತ್ತಿದ್ದವನು. ಬೋಲ್ಟನ್ನು ಬಿಗಿ ಮಾಡಿದ ಮೇಲೆ ಮುಂದೆ ಅಲುಗಿದರೆ ತಿಳಿಯಲೆಂದು ಅದರ ತಲೆಯಿಂದ ಪಕ್ಕದ ಲೋಹದವರೆಗೆ ನೈಲ್ ಪಾಲಿಶ್‌ನಲ್ಲಿ ಒಂದು ನೇರ ಗೆರೆ ಎಳೆಯುವುದು, ಕುಂಚದಲ್ಲಿ ಮಿಕ್ಕದ್ದನ್ನು ಎಡಗೈ ಹೆಬ್ಬೆರಳಿನ ಉಗುರಿಗೆ ಒರೆಸುವುದು ಅವನ ಪದ್ಧತಿ. ಬಳೆ ಅಂಗಡಿಯಲ್ಲಿ ನಿಂತು ಬಣ್ಣ ಆರಿಸುವ ಗಂಡಸನ್ನು ಮಂಡಿಕಲ್ ಕ್ಷಮಿಸುವಷ್ಟು ಉದಾರವಾದ ಊರಲ್ಲ. ಅವನಿಗೆ ಪಾಲಿಶ್ ಗಂಗಪ್ಪ ಎಂದು ಹೆಸರಿಟ್ಟಿತು.

ಹೆಸರಿಟ್ಟವರೆಲ್ಲ ಈಗ ಮನೆ ಮುಂದಿನ ಶಾಮಿಯಾನದ ಕೆಳಗೆ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕುಳಿತು, ಕಾಗದದ ಲೋಟದ ಟೀ ಊದಿಕೊಂಡು ಕುಡಿಯುತ್ತಿದ್ದರು. ಎಂಥ ಕೈಗುಣ ಎಂದು ಒಬ್ಬ; ಅವನು ಮುಟ್ಟಿದ ಗಾಡಿ ಮತ್ತೆ ಕೆಟ್ಟದ್ದೇ ಇಲ್ಲ ಎಂದು ಇನ್ನೊಬ್ಬ. ಇಬ್ಬರೂ ಎರಡು ವರ್ಷಗಳಿಂದ ತಮ್ಮ ಗಾಡಿಗಳನ್ನು ಚಿಕ್ಕಬಳ್ಳಾಪುರಕ್ಕೆ ಒಯ್ದು ರಿಪೇರಿ ಮಾಡಿಸಿಕೊಳ್ಳುತ್ತಿದ್ದವರು. ಕೈಯ ಗುಣ ಕೈ ತಣ್ಣಗಾದ ಮೇಲೆಯೇ ಕಾಣುವುದು ಆ ಸೀಮೆಯವರ ಕಣ್ಣಿಗೆ ಇರುವ ದೋಷ; ಅದಕ್ಕೆ ಕನ್ನಡಕವಿಲ್ಲ.

ಎರಡು ವರ್ಷದ ಹಿಂದೆ, ದ್ರಾಕ್ಷಿ ತೋಟದ ನರಸಿಂಹಪ್ಪನ ಮಗ ಹರಿಕೃಷ್ಣ ಗೌರಿಬಿದನೂರು ರಸ್ತೆಯಲ್ಲಿ ಹೋಗುತ್ತಿದ್ದಾಗ, ಬೈಕಿನ ಇಂಜಿನ್ನಿನ ಅಡಿಯಲ್ಲಿದ್ದ ಆಯಿಲ್ ಬೋಲ್ಟು ಕಳಚಿ ಬಿದ್ದು, ಆಯಿಲ್ಲೆಲ್ಲ ಹಿಂದಿನ ಟೈರಿಗೆ ಸುರಿದು, ಗಾಡಿ ಜಾರಿತು. ಅವನ ಎಡಗಾಲು ಮುರಿದು, ಒಳಗೆ ರಾಡು ಹಾಕಬೇಕಾಯಿತು. ಅದಕ್ಕೆ ಎರಡು ತಿಂಗಳ ಮುಂಚೆ ಆ ಇಂಜಿನ್ ಕಟ್ಟಿದವನು ಮುನಿಗಂಗಪ್ಪ. ಬೋಲ್ಟು ಸಡಿಲ ಬಿಟ್ಟು ಮಗನ ಕಾಲು ತೆಗೆದ ಎಂದು ನರಸಿಂಹಪ್ಪ ಬಸ್ ನಿಲ್ದಾಣದಲ್ಲಿ ನಿಂತು ಹೇಳಿದ. ಒಮ್ಮೆ ಹೇಳಿದ್ದೇ ಸಾಕಾಯಿತು. ಶೆಡ್ಡು ಖಾಲಿಯಾಗಿ, ಪಂಕ್ಚರ್ ಕೆಲಸವಷ್ಟೇ ಉಳಿಯಿತು.

ಮುನಿಗಂಗಪ್ಪ ವಾದ ಮಾಡಲಿಲ್ಲ. ಗಾಡಿ ತರಿಸಿ, ಗೆರೆ ನೋಡಿ ಹೇಳುತ್ತೇನೆ ಎಂದ. ನರಸಿಂಹಪ್ಪ ತರಿಸಲಿಲ್ಲ. ಮಂಗಮ್ಮ ಅನ್ನ ಬಡಿಸುವಾಗೆಲ್ಲ, ಒಂದನ್ನು ಮರೆತಿರಬೇಕು ನೀನು, ಒಪ್ಪಿಕೊಂಡರೆ ಏನು ಹೋಗುತ್ತದೆ, ಎಂದು ಕೇಳುತ್ತಿದ್ದಳು. ಅವನು ಅನ್ನ ಕಲಸುತ್ತ, ಗೆರೆ ನೋಡದೆ ಹೇಳಲಾರೆ ಎನ್ನುತ್ತಿದ್ದ. ನೋಡದೆಯೇ ನಿನ್ನೆ ಮಧ್ಯಾಹ್ನ ಎದೆ ಹಿಡಿದುಕೊಂಡು ಸತ್ತ. ಅವನು ಮರೆತಿದ್ದನೋ ಇಲ್ಲವೋ ಎಂಬುದೊಂದೇ ಈಗ ಮಂಗಮ್ಮನಿಗೆ ಬೇಕಾಗಿದ್ದದ್ದು.

*

ಅಪಘಾತಕ್ಕೆ ಎರಡು ತಿಂಗಳ ಮುಂಚೆ, ಇಂಜಿನ್ ಕಟ್ಟಿ ಗಾಡಿ ಒಪ್ಪಿಸಿದ ದಿನ ನರಸಿಂಹಪ್ಪ ಶೆಡ್ಡಿನೊಳಕ್ಕೆ ಕಾಲಿಡದೆ, ಹೊರಗಿನ ಹೊಂಗೆಯ ನೆರಳಿನಲ್ಲಿ ನಿಂತೇ ಕೆಲಸ ನೋಡಿದ್ದ.

ಇಂಜಿನ್ನನ್ನು ಚಾಸಿಗೆ ಕೂರಿಸುವ ಬೋಲ್ಟುಗಳ ಥ್ರೆಡ್ಡಿಗೆ ಮುನಿಗಂಗಪ್ಪ ನೀಲಿ ಅಂಟಿನ ಒಂದೊಂದೇ ಹನಿ ಬಿಟ್ಟ. ಬಳಿಕ ಟಾರ್ಕ್ ರೆಂಚಿನ ಹಿಡಿಯ ಮೇಲಿನ ಅಂಕಿಯನ್ನು ತಿರುಗಿಸಿಟ್ಟು ನಟ್ಟುಗಳನ್ನು ಬಿಗಿ ಮಾಡುತ್ತ ಹೋದ. ಬಿಗಿ ಸರಿಯಾದ ಕ್ಷಣಕ್ಕೆ ರೆಂಚು ಟಕ್ ಎನ್ನುತ್ತಿತ್ತು. ಅಲ್ಲಿಗೆ ಅವನ ಕೈ ನಿಲ್ಲುತ್ತಿತ್ತು. ಅಡಿಯ ಆಯಿಲ್ ಬೋಲ್ಟಿಗೂ ಹಾಗೆಯೇ ಟಕ್ ಅನ್ನಿಸಿ, ಎಲ್ಲಕ್ಕೂ ಕೆಂಪು ಗೆರೆ ಎಳೆದ.

"ಏನಪ್ಪಾ ಗಂಗಪ್ಪ, ಎರಡು ಬೆರಳಲ್ಲಿ ತಿರುವಿ, ಮದುವೆ ಹೆಣ್ಣಿಗೆ ಹಚ್ಚಿದಂಗೆ ಬಣ್ಣ ಹಚ್ತೀಯ," ಎಂದ ನರಸಿಂಹಪ್ಪ. "ಹಿಡಿಗೆ ಪೈಪ್ ಹಾಕಿ ಇನ್ನೊಂದು ಎಳೆತ ಎಳಿ."

"ಬೇಡ ಸ್ವಾಮಿ. ಇಂಜಿನ್ ಮೈ ಅಲ್ಯೂಮಿನಿಯಂ. ಜಾಸ್ತಿ ಎಳೆದ್ರೆ ಒಳಗಡೆ ಥ್ರೆಡ್ ಸವೆದೋಗ್ತದೆ. ಇವತ್ತು ಹಿಡ್ಕೊಂಡಂಗೆ ಕಾಣ್ತದೆ, ಒಂದಿನ ತಾನೇ ಉದುರೋಗ್ತದೆ."

ಪಂಪ್‌ಸೆಟ್ಟಿನಿಂದ ಟ್ರೈಲರಿನವರೆಗೆ ಎಲ್ಲವನ್ನೂ ಮುಖ ಊದಿಕೊಳ್ಳುವ ತನಕ ಎಳೆದು, ಲೋಹ ಕಿರುಗುಟ್ಟಿದ ಮೇಲೆಯೇ ಬಿಗಿಯಾಯಿತೆಂದು ನಂಬುವ ವಂಶದವನು ನರಸಿಂಹಪ್ಪ. ಒಂದು ಕಬ್ಬಿಣದ ಕಡ್ಡಿ ಟಕ್ ಎಂದದ್ದಕ್ಕೆ ಕೈ ಬಿಡುವವನನ್ನು, ಅದರಲ್ಲೂ ಊರಾಚೆಯ ಕಾಲೋನಿಯವನನ್ನು, ಅವನು ನಂಬುವುದುಂಟೆ?

ಹೊರಡುವಾಗ, ಇವಕ್ಕೆಲ್ಲ ಎಷ್ಟನೇ ನಂಬರಿನ ಸ್ಪ್ಯಾನರು ಎಂದು ಕೇಳಿದ. ಅಡಿಯದಕ್ಕೆ ಹದಿನೇಳು, ಮಿಕ್ಕವಕ್ಕೆ ಹದಿನಾಲ್ಕು ಎಂದು ಮುನಿಗಂಗಪ್ಪ ಹೇಳಿದ. ಕೇಳಿದ್ದಕ್ಕೆಲ್ಲ ನಿಜ ಹೇಳುವ ದಡ್ಡತನ ಅವನಿಗೆ ಕೊನೆಯವರೆಗೂ ಇತ್ತು.

*

ಸಾವಿನ ಮನೆಗೆ ಹನ್ನೊಂದು ಗಂಟೆಗೆ ನರಸಿಂಹಪ್ಪ ಬಂದ. ಕಾಲೋನಿಯ ಓಣಿಗೆ ಅವನ ಕಾರು ಹಿಡಿಯದ್ದರಿಂದ ಹರಿಕೃಷ್ಣನ ಅದೇ ಬೈಕಿನ ಹಿಂದೆ ಕುಳಿತು ಬಂದ. ತೊಡೆಯ ಮೇಲೆ ಸುಗಂಧರಾಜದ ದಪ್ಪ ಹಾರ. ಮನುಷ್ಯ ಸತ್ತ ಮೇಲೆ ಮಾತೂ ಸತ್ತಿತೆಂಬ ಧೈರ್ಯ ಅವನದು. ಯಾವ ಗಾಡಿಯಲ್ಲಿ ಬಂದೆನೆಂದು ಯೋಚಿಸಲಿಲ್ಲ.

ಮುನಿಗಂಗಪ್ಪನ ಮಗಳು ಕಲ್ಯಾಣಿ ಯೋಚಿಸಿದಳು. ಕುಡುಮಲಕುಂಟೆಯ ಕಾರ್ಖಾನೆಯೊಂದರಲ್ಲಿ ದಿನಕ್ಕೆ ನಾನೂರು ಬೋಲ್ಟುಗಳ ಗೆರೆ ನೋಡಿ ಪಾಸು ಮಾಡುವುದು ಅವಳ ಕೆಲಸ. ಬೈಕಿನ ಪಕ್ಕ ಕುಕ್ಕರಗಾಲಿನಲ್ಲಿ ಕುಳಿತಳು. ಅಡಿಯ ಬೋಲ್ಟು ಅಪಘಾತದ ಬಳಿಕ ಹಾಕಿಸಿದ ಹೊಸದು. ಇಂಜಿನ್ ಹಿಡಿದ ಮೂರು ನಟ್ಟುಗಳು ಹಳೆಯವೇ. ಧೂಳೊರೆಸಿದಳು. ಮೂರರ ಮೇಲೂ ಅಪ್ಪನ ಕೆಂಪು.

"ಇದ್ಯಾಕಮ್ಮ ಈಗ?" ಎಂದ ನರಸಿಂಹಪ್ಪ.

ಅವಳು ಮಾತಾಡಿದ್ದು ಹರಿಕೃಷ್ಣನ ಜೊತೆ. "ಅಣ್ಣಾ, ಇಲ್ಲಿ ನೋಡಿ. ನಟ್ ಮೇಲಿರೋ ಗೆರೆ, ಚಾಸಿ ಮೇಲಿರೋ ಗೆರೆ, ಎರಡೂ ನಮ್ಮಪ್ಪ ಒಂದೇ ಸಲ ಎಳೆದಿದ್ದು. ನಟ್ ಸಡಿಲ ಆಗಿದ್ರೆ ಮೇಲಿನ ಗೆರೆ ಎಡಕ್ಕೆ ಜಾರಬೇಕಿತ್ತು. ಮೂರೂ ಬಲಕ್ಕೆ ಜಾರಿದಾವೆ. ನಮ್ಮಪ್ಪ ಗಾಡಿ ಕೊಟ್ಟಮೇಲೆ ಯಾರೋ ಇನ್ನೂ ಎಳೆದಿದಾರೆ. ಇವನ್ನ ಎಳೆದೋರು ಕೆಳಗಿನ ಆಯಿಲ್ ಬೋಲ್ಟನ್ನ ಬಿಟ್ಟಿರ್ತಾರಾ?"

ಹರಿಕೃಷ್ಣ ನಟ್ಟುಗಳನ್ನು ನೋಡಿದ. ಆಮೇಲೆ ಅಪ್ಪನನ್ನು ನೋಡಿದ. ಮನೆಯ ಕಣಜಕ್ಕೆ ಒರಗಿಸಿಟ್ಟ ಹದಿನೇಳರ ಸ್ಪ್ಯಾನರು, ಅದರ ಬಾಲಕ್ಕೆ ಸಿಕ್ಕಿಸಿದ ಪೈಪು ಅವನ ನೆನಪಿಗೆ ಬಂದಿರಬೇಕು.

"ನಮ್ಮಮ್ಮ ಒಂದ್ಸಲ ಕಣ್ಣಲ್ಲಿ ನೋಡ್ಲಿ, ಕರ್ಕೊಂಬರ್ತೀನಿ," ಎಂದು ಕಲ್ಯಾಣಿ ಎದ್ದಳು. ಫೋಟೋ ತೆಗೆಯೋಣವೆಂದರೆ ಅವಳ ಫೋನು ಒಳಗೆ ನಂಟರಿಗೆ ಸುದ್ದಿ ಮುಟ್ಟಿಸುತ್ತಿದ್ದವರ ಕೈಯಲ್ಲಿತ್ತು.

"ಹಾರ ನೀನೇ ಹಾಕಿ ಬಾರಪ್ಪ, ನಾನಿಲ್ಲೇ ಇರ್ತೀನಿ," ಎಂದು ನರಸಿಂಹಪ್ಪ ಮಗನನ್ನು ಒಳಕ್ಕೆ ಕಳಿಸಿದ. ಆ ಮನೆಗಳ ಹೊಸ್ತಿಲು ದಾಟುವ ಅಭ್ಯಾಸ ಅವನಿಗಿರಲಿಲ್ಲ; ಯಾರಿಗೂ ವಿಶೇಷವೆನಿಸಲಿಲ್ಲ.

ಒಳಗೆ ಹೆಣವನ್ನು ಚಟ್ಟಕ್ಕೆ ಎತ್ತುವ ಹೊತ್ತು; ಶಾಮಿಯಾನದಲ್ಲಿದ್ದವರೆಲ್ಲ ಎದ್ದು ಬಾಗಿಲತ್ತ ಮುಖ ಮಾಡಿ ನಿಂತಿದ್ದರು. ಮಂಗಮ್ಮನನ್ನು ಹೆಂಗಸರ ಕೈಯಿಂದ ಬಿಡಿಸಿಕೊಂಡು ಹೊರಗೆ ತರಲು ಹತ್ತು ನಿಮಿಷ ಹಿಡಿಯಿತು. ಬಂದು ಬಗ್ಗಿ ನೋಡಿದರೆ ಮೂರು ನಟ್ಟುಗಳೂ ಬೋಳು. ಚಾಸಿಯ ಮೇಲೂ ಏನಿಲ್ಲ, ಆಗಷ್ಟೇ ಕೆರೆದ ಹೊಳಪು. ನರಸಿಂಹಪ್ಪ ನಾಲ್ಕು ಮಾರು ಆಚೆ ಶಾಮಿಯಾನದ ಕಂಬಕ್ಕೆ ಒರಗಿ, ಕೈಗಳನ್ನು ಹಿಂದಕ್ಕೆ ಕಟ್ಟಿ ನಿಂತಿದ್ದ.

"ಇಲ್ಲೇ ಇತ್ತಮ್ಮ ಗೆರೆ. ಈಗ ನೋಡಿದೆ ನಾನು," ಎಂದಳು ಕಲ್ಯಾಣಿ.

"ಯಾವ ಗೆರೆಯಮ್ಮ?" ಎಂದ ನರಸಿಂಹಪ್ಪ, ಮೃದುವಾಗಿ. "ಅಪ್ಪ ಹೋದ ದುಃಖ. ಮಗೂಗೆ ಏನೇನೋ ಕಾಣ್ತದೆ. ಒಳಗೆ ಕರ್ಕೊಂಡೋಗು ಮಂಗಮ್ಮ."

ಮಂಗಮ್ಮ ಬೋಳು ನಟ್ಟುಗಳನ್ನು ನೋಡಿದಳು, ಮಗಳ ಮುಖ ನೋಡಿದಳು. ಎರಡರಲ್ಲಿ ಯಾವುದನ್ನು ನಂಬಬೇಕೋ ತಿಳಿಯದೆ ಸೆರಗನ್ನು ಬಾಯಿಗೊತ್ತಿಕೊಂಡು ಚಟ್ಟದ ಹಿಂದೆ ನಡೆದಳು.

*

ಕೆರೆಯ ಹಿಂದಿನ ಸ್ಮಶಾನದಲ್ಲಿ ಗುಂಡಿ ತೋಡಿ ಸಿದ್ಧವಾಗಿತ್ತು. ಹೆಣ ಇಳಿಸಿದರು. ಮುನಿಗಂಗಪ್ಪನ ಹೆಬ್ಬೆರಳು ಈಗ ಲಕ್ಷಣವಾಗಿ ಬೆಳ್ಳಗಿತ್ತು.

ಕಾಲೋನಿಯ ಹಿರಿಯ ಎರ್ರಪ್ಪ ನಂಟರಿಂದ ಮೂರು ಮೂರು ಹಿಡಿ ಮಣ್ಣು ಹಾಕಿಸಿದ. ಬಳಿಕ ದೂರದಲ್ಲಿ ನಿಂತಿದ್ದ ನರಸಿಂಹಪ್ಪನತ್ತ ತಿರುಗಿ ಕೈಮುಗಿದ. ದೊಡ್ಡವರು ತಮ್ಮ ಗುಂಡಿಗೆ ಮಣ್ಣು ಹಾಕಿದರೆ ಮರ್ಯಾದೆ ಹೆಚ್ಚುತ್ತದೆಂದು ಎಪ್ಪತ್ತು ವರ್ಷಗಳಿಂದ ನಂಬಿಕೊಂಡು ಬಂದ ಪ್ರಾಣಿ ಅದು.

"ಬರ್ಬೇಕು ನರಸಿಂಹಪ್ಪನೋರೇ. ನೀವೂ ಒಂದು ಹಿಡಿ ಹಾಕಿದ್ರೆ ಅವನಿಗೆ ತೃಪ್ತಿ."

ಅಷ್ಟು ಜನರೆದುರು ಆಗದೆನ್ನಲು ಬರಲಿಲ್ಲ. ನರಸಿಂಹಪ್ಪ ಕಟ್ಟಿದ ಕೈ ಬಿಚ್ಚಿ ಮುಂದೆ ಬಂದ. ಒದ್ದೆ ಕೆಮ್ಮಣ್ಣು ತೆಗೆದುಕೊಂಡು ಮೂರು ಸಲ ಹಾಕಿದ.

ಮಣ್ಣು ಹಾಕಿದವರ ಕೈಗೆ ಬಿಂದಿಗೆಯಿಂದ ನೀರು ಬಿಡುತ್ತಿದ್ದವಳು ಕಲ್ಯಾಣಿ. ಪಕ್ಕದಲ್ಲಿ ಮಂಗಮ್ಮ ನಿಂತಿದ್ದಳು. ಸರದಿ ಬಂದಾಗ ನರಸಿಂಹಪ್ಪನೂ ಕೈ ಚಾಚಿದ. ಕಲ್ಯಾಣಿ ಒಂದು ಚೊಂಬು ಹುಯ್ದಳು. ಬೆರಳ ಸಂದಿಯ ಮಣ್ಣು ಕರಗಿ ಇಳಿಯಿತು. ಅಂಗೈ ಬೆಳ್ಳಗಾಯಿತು. ಬಲಗೈ ಹೆಬ್ಬೆರಳಿನ ಉದ್ದನೆಯ ಉಗುರಿನ ಅಡಿಯಲ್ಲಿ ಮಾತ್ರ, ಮಣ್ಣಿನದಲ್ಲದ ಕೆಂಪಿನ ಚೂರುಗಳು ಒತ್ತಾಗಿ ಕೂತಿದ್ದವು.

ಹದಿನೆಂಟು ವರ್ಷ ಆ ಕೆಂಪನ್ನು ಬೈದುಕೊಂಡು ಬಂದ ಮಂಗಮ್ಮನಿಗೆ ಅದರ ಗುರುತು ಯಾರೂ ಹೇಳಬೇಕಾಗಿರಲಿಲ್ಲ. ಮಗನ ಸರದಿ ಮುಂದಿನದು. ಹರಿಕೃಷ್ಣನೂ ಬಗ್ಗಿ ಅದನ್ನೇ ನೋಡುತ್ತಿದ್ದ.

ನರಸಿಂಹಪ್ಪ ಸಾಕೆಂಬಂತೆ ಕೈ ಹಿಂದಕ್ಕೆಳೆದುಕೊಂಡ. ಮಂಗಮ್ಮ ಅವನ ಮಣಿಕಟ್ಟನ್ನು ಹಿಡಿದಳು. ಆ ಊರಿನಲ್ಲಿ ಅವಳ ಕೈ ಅವನ ಕೈಯನ್ನು ಮುಟ್ಟಿದ್ದು ಅದೇ ಮೊದಲು.

"ಇನ್ನೂ ಹುಯ್ಯಮ್ಮ ಕಲ್ಯಾಣಿ," ಎಂದಳು. "ಹೋಗೋಗಂಟ ಹುಯ್ಯಿ."

ಕಲ್ಯಾಣಿ ಹುಯ್ದಳು. ಸಾಲಿನಲ್ಲಿದ್ದವರೆಲ್ಲ ಒಬ್ಬೊಬ್ಬರಾಗಿ ಹತ್ತಿರ ಸರಿದು ಬಗ್ಗಿದರು. ನೀರು ಚೊಂಬಿನ ಮೇಲೆ ಚೊಂಬು ಬೀಳುತ್ತಲೇ ಇತ್ತು, ಆ ಬೆರಳಿನ ಮೇಲಿಂದ ತಿಳಿಯಾಗಿ ಇಳಿಯುತ್ತಲೇ ಇತ್ತು.