ಖಂಡೆ ಪೂಜೆಗೆ ಮುನಿದ ಕ್ಯಾಮೆರಾ

ಖಂಡೆ ಪೂಜೆ, ಅಂದರೆ ಆಯುಧ ಪೂಜೆಯ ದಿನ ದುಡಿಯುವ ಸಾಮಾನೆಲ್ಲ ಮೀಯಬೇಕು. ಕುಡಗೋಲು, ತಕ್ಕಡಿ, ಟ್ರ್ಯಾಕ್ಟರು, ಮಗ್ಗ, ಯಾವುದಕ್ಕೂ ವಿನಾಯಿತಿ ಇಲ್ಲ. ಆದರೆ ಕ್ಯಾಮೆರಾದ ಮೇಲೆ ನೀರು ಸುರಿಯಲಾದೀತೆ? ಜಮಖಂಡಿಯಲ್ಲಿ ಸ್ಟುಡಿಯೋ ಇಟ್ಟಿರುವ ದಾನೇಶ್ವರಿ ತಲೆ ಓಡಿಸಿ, ಒಳಗಿನಿಂದಲಾದರೂ ಹೊಸದಾಗಲಿ ಎಂದು ಕಂಪನಿಯವರು ಬಿಟ್ಟಿದ್ದ ಹೊಸ ಸಾಫ್ಟ್‌ವೇರನ್ನು ಅದಕ್ಕೆ ಹಾಕಿದಳು. ವಿಭೂತಿ ಹಚ್ಚಿ ಕಾಯಿಯನ್ನೂ ಒಡೆದಳು. ಇರಲಾರದೆ ಇರುವೆ ಬಿಟ್ಟುಕೊಳ್ಳುವುದು ಅಂದರೆ ಇದೇ. ಪೂಜೆ ಮುಗಿಸಿ, ತನಗೆ ಫೋಟೋ ತೆಗೆಯಲು ಕಲಿಸಿದ ನಿಂಗಣ್ಣ ಕಾಕಾನ ಹಳೆಯ ಲೆನ್ಸ್ ಜೋಡಿಸಿದರೆ ಪರದೆಯ ಮೇಲೆ ‘ಲೆನ್ಸ್ ಜೋಡಿಸಿಲ್ಲ’ ಎಂದು ಬಂತು. ಎಷ್ಟು ಒತ್ತಿದರೂ ಬಟನ್ ಜಪ್ಪಯ್ಯ ಅನ್ನಲಿಲ್ಲ.

ಲೆನ್ಸ್ ಹಳೆಯದು, ಕ್ಯಾಮೆರಾ ಹೊಸದು. ಎರಡರ ನಡುವೆ ಮಾತು ಮುಟ್ಟಿಸುತ್ತಿದ್ದದ್ದು ಬೇರೊಂದು ಕಂಪನಿಯವರು ಮಾಡಿದ ಬಳೆಯಂಥ ಅಡಾಪ್ಟರ್. ಹೊಸ ಸಾಫ್ಟ್‌ವೇರು ಅದರ ಮಾತನ್ನು ಕಿವಿಗೇ ಹಾಕಿಕೊಳ್ಳಲೊಲ್ಲದು. ಹಳೆಯ ಸಾಫ್ಟ್‌ವೇರಿಗೆ ಮರಳಲು ದಾರಿಯೂ ಇರಲಿಲ್ಲ.

ಬೇರೆ ದಿನವಾಗಿದ್ದರೆ ಹಾಳಾಗಲಿ ಅನ್ನಬಹುದಿತ್ತು. ಆದರೆ ಮರುದಿನ, ಬನ್ನಿ ಕೊಡುವ ದಿನ, ಬನಹಟ್ಟಿಯಲ್ಲಿ ಅನಸವ್ವ ಫೋಟೋಕ್ಕೆ ಕೂಡಲು ಒಪ್ಪಿದ್ದಳು. ಅನಸವ್ವ ನಿಂಗಣ್ಣನ ಹೆಂಡತಿ. ಆ ಲೆನ್ಸಿನಲ್ಲಿ ಅರ್ಧ ಊರಿನ ಮುಖ ಹಿಡಿದ ನಿಂಗಣ್ಣನಿಗೆ ಹೆಂಡತಿಯದೊಂದು ಫೋಟೋ ತೆಗೆಯಲಾಗಿರಲಿಲ್ಲ. ಆಕೆ ಸೆರಗು ಸರಿಮಾಡಿಕೊಂಡು ಕೂತಾಗಲೆಲ್ಲ ಗಿರಾಕಿ ಬರುತ್ತಿದ್ದರು, ಆಕೆ ಎದ್ದು ಮಗ್ಗಕ್ಕೆ ಹೋಗುತ್ತಿದ್ದಳು. ಕಡೆಗೆ ಕೂಡುವುದನ್ನೇ ಬಿಟ್ಟಳು. ಆಪರೇಷನ್ ಮಾಡಿಸಿದರೂ ತನ್ನ ಕಣ್ಣು ತಿಳಿಯಾಗದೆ ಅಂಗಡಿ ಮುಚ್ಚಿದಾಗ, ನಿಂಗಣ್ಣ ಲೆನ್ಸನ್ನು ಶಿಷ್ಯೆಯ ಕೈಗಿಟ್ಟು ಒಂದೇ ಮಾತು ಹೇಳಿದ್ದ: “ಆಕೀದೊಂದು ಫೋಟೋ ಇದರಾಗ ತಗೀಯವ್ವಾ.” ಒಂದು ಪೈಸೆ ಮುಟ್ಟದೆ ವಿದ್ಯೆ ಕಲಿಸಿದ ಮನುಷ್ಯ ಕೇಳಿದ್ದು ಅದೊಂದೇ. ಅನಸವ್ವನೋ, “ದಸರಾಕ್ಕ ಒಮ್ಮಿ ಕೂಡತೇನಿ, ಆಮ್ಯಾಲ ಕೇಳಬ್ಯಾಡ್ರಿ” ಅಂದಿದ್ದಳು. ಆಕೆ ಒಮ್ಮೆ ಅಂದರೆ ಮುಗಿಯಿತು.

ಬನಹಟ್ಟಿಯ ಬಸ್ಸಿನಲ್ಲಿ ದಾನೇಶ್ವರಿಯ ಮನಸ್ಸು ಒಂದು ಕಡೆ ನಿಲ್ಲಲಿಲ್ಲ. ಚೀಲದಲ್ಲಿ ಕಂಪನಿಯ ಹೊಸ ಲೆನ್ಸೂ ಇತ್ತು. ಅದರಲ್ಲೇ ತೆಗೆದು ಸುಮ್ಮನಿದ್ದರೆ, ಕಣ್ಣು ಕಾಣದ ಕಾಕಾನಿಗೆ ಗೊತ್ತಾಗುವುದಾದರೂ ಹೇಗೆ? ಆದರೆ ಮನೆಯ ಹೊಸ್ತಿಲಲ್ಲಿ ಆತ ಹೆಜ್ಜೆಯ ಸಪ್ಪಳದಲ್ಲೇ ಗುರುತು ಹಿಡಿದು, “ಬಂದೇನವ್ವಾ ದಾನವ್ವಾ” ಅಂದಾಗ ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ.

“ಕಾಕಾ, ನಿಮ್ಮ ಲೆನ್ಸ್ ನಡೀವಲ್ದರಿ. ನಾನ ಕೆಡಿಸಿಕೊಂಡೆ,” ಎಂದು ಎಲ್ಲ ಹೇಳಿದಳು. “ಕಂಪನಿ ಮಂದಿಗೆ ಹಳೇದು ಕಂಡ್ರ ಆಗೂದಿಲ್ಲರಿ. ಹೊಸಾದು ಮಾರಬೇಕಲ್ಲ.”

ನಿಂಗಣ್ಣ ನಕ್ಕ. “ಅದೂ ಖರೆ. ಆದ್ರ ಅಷ್ಟ ಅಲ್ಲ. ಹೊಸಾದು ಒಂದು ಮಾಡಿದ್ರ ಹಳೇವೆಲ್ಲಾ ಹಚ್ಚಿ ಹಚ್ಚಿ ನೋಡಬೇಕಾಕ್ಕೈತಿ. ತಮ್ಮವ ನೋಡಿ ಮುಗಿಯೂದಿಲ್ಲ, ಇನ್ನ ಮಂದೀವು ಯಾರು ನೋಡ್ತಾರ? ಫೋಟೋ ಮಸಕ ಬಂದ್ರ ಬೈಸಿಕೊಳ್ಳಾವ್ರು ಅವ್ರ. ಬಣ್ಣದ ಫೋಟೋ ಬಂದಾಗ ನಾನೂ ಕತ್ತಲಖೋಲಿ ಬಂದ್ ಮಾಡಿದೆ. ಹಳೇ ನೆಗೆಟಿವ್ ತಂದಾವ್ರು ಸುಮ್ಮನ ತಿರುಗಿ ಹೋದ್ರು. ಹಂಗಂತ ನಾ ಕೆಟ್ಟಾವೇನು?”

ಹೊಸ ಸೀರೆ ಉಟ್ಟು ಹೊರಬಂದ ಅನಸವ್ವ ಇದನ್ನೆಲ್ಲ ಕೇಳಿಸಿಕೊಂಡಿದ್ದಳು. “ಹಾಸಿನ ಎಳಿ ಪೂರಾ ಕತ್ತರಿಸ್ಯಾರೇನವ್ವಾ ಅವ್ರು? ನಾವು ಸೀರಿ ಇಳಿಸಿದ ಮ್ಯಾಲ ಮಗ್ಗದಾಗ ಗೇಣುದ್ದ ಹಳೇ ಎಳಿ ಬಿಟ್ಟಿರತೇವಿ. ಹೊಸಾ ಎಳಿ ಅದಕ್ಕ ಗಂಟ ಹಾಕೂದು. ದುಡಿದು ತಿನ್ನಾವ್ರು ಯಾರೂ ಎಲ್ಲಾ ಕತ್ತರಿಸೂದಿಲ್ಲ. ಹುಡುಕು.”

ದಾನೇಶ್ವರಿ ಕ್ಯಾಮೆರಾದ ಮೆನುವಿನಲ್ಲಿ ಒಂದೊಂದೇ ಸಾಲು ಇಳಿದಳು. ಯಾರೂ ಹೋಗದ ಮೂಲೆಯಲ್ಲಿ ಒಂದು ಸಾಲಿತ್ತು: ‘ಲೆನ್ಸ್ ಇಲ್ಲದಿದ್ದರೂ ಫೋಟೋ ತೆಗೆ’. ಅದನ್ನು ಚಾಲೂ ಮಾಡಿ ಬಟನ್ ಒತ್ತಿದಳು. ಕ್ಲಿಕ್ ಅಂದಿತು. ನಿನ್ನೆಯಿಂದ ಶಾಪ ಹಾಕಿಸಿಕೊಂಡ ಕಂಪನಿಯವರಿಗೆ ನಿಂತಲ್ಲೇ ಕೈ ಮುಗಿದಳು. ತಾನಾಗಿ ಫೋಕಸ್ ಆಗುವ ಸುಖ ಹೋಗಿತ್ತು, ಅಷ್ಟೇ. ಇನ್ನು ಲೆನ್ಸಿನ ಉಂಗುರವನ್ನು ಕೈಯಿಂದಲೇ ತಿರುಗಿಸಬೇಕು.

ಕಿಟಕಿಯ ಸಂಜೆ ಬೆಳಕಿಗೆ ಅನಸವ್ವ ಕಂಬದಂತೆ ಬಿಗಿದುಕೊಂಡು ಕೂತಳು. ರೂಢಿ ತಪ್ಪಿದ ಕೈ; ಮೂಗು ಸಿಕ್ಕರೆ ಕಣ್ಣು ಮಸುಕು, ಕಣ್ಣು ಸಿಕ್ಕಿತು ಅನ್ನುವಷ್ಟರಲ್ಲಿ ಆಕೆ ಅಲುಗಾಡುತ್ತಿದ್ದಳು.

“ಅವಸರ ಮಾಡಬ್ಯಾಡ. ಕಣ್ಣು ಹಿಡಿ,” ಅಂದ ಬಾಗಿಲ ಬಳಿ ಕೂತಿದ್ದ ನಿಂಗಣ್ಣ.

“ಆತೇನವ್ವಾ?” ಅನಸವ್ವನಿಗೆ ಸಾಕಾಗಿತ್ತು.

“ಇನ್ನೊಂದೀಟರಿ, ಚಿಗವ್ವಾ.”

“ಹಿಂಗ ತಡಾ ಮಾಡಿದ್ರ ಈಗ ಯಾರರೆ ಗಿರಾಕಿ ಬರತಾರ ನೋಡು.”

ಹಗುರವಾಗಿ ಆಡಿದ ಮಾತೇ. ಆದರೆ ನಿಂಗಣ್ಣ ಎದ್ದ. ಗೋಡೆ ತಡವುತ್ತ ಹೋಗಿ ಬಾಗಿಲು ಮುಂದೆ ಮಾಡಿ ಚಿಲಕ ಹಾಕಿದ. “ಅಂಗಡಿ ಬಂದ್ ಐತಿ,” ಅಂದ.

ಅನಸವ್ವ ಆತನನ್ನು ನೋಡಿದಳು. ಹಲ್ಲಿಲ್ಲದ ಬಾಯಿ ತೆರೆದು, ಹೊಟ್ಟೆ ತುಂಬ ನಕ್ಕಳು. ಆ ಹೊತ್ತಿಗೆ ಉಂಗುರ ಸರಿಯಾಗಿ ಆಕೆಯ ಕಣ್ಣಿಗೆ ಬಂದು ನಿಂತಿತ್ತು; ದಾನೇಶ್ವರಿ ಬಟನ್ ಒತ್ತಿದಳು. ಹೊಸ ಲೆನ್ಸಾಗಿದ್ದರೆ ಆಕೆ ಕಂಬವಾಗಿದ್ದಾಗಲೇ ಕೆಲಸ ಮುಗಿದಿರುತ್ತಿತ್ತಲ್ಲ ಎಂದುಕೊಂಡ ಆಕೆಗೆ ಯಾರ ಯಾರನ್ನು ನೆನೆಯಬೇಕೋ ತಿಳಿಯಲಿಲ್ಲ. ಲೆನ್ಸ್ ಕೊಟ್ಟವನನ್ನೂ, ಅದನ್ನು ಹೊರಗಿಟ್ಟ ಕಂಪನಿಯವರನ್ನೂ ಒಟ್ಟಿಗೇ ನೆನೆದಳು.

ನಿಂಗಣ್ಣ ಕ್ಯಾಮೆರಾ ಇಸಿದುಕೊಂಡು, ಕಾಣದ ಪರದೆಯನ್ನು ಕಣ್ಣ ಹತ್ತಿರ ಹಿಡಿದ.

“ನಗಾಕತ್ತಾಳೇನು?”

“ಹೂಂನ್ರಿ.”

“ಎತ್ತ ನೋಡ್ಯಾಳ?”

“ನಿಮ್ಮ ಕಡೇನ, ಕಾಕಾ.”

ಆತ ಕ್ಯಾಮೆರಾ ಕೆಳಗಿಡಲಿಲ್ಲ. ಅಷ್ಟರಲ್ಲಿ ಯಾರೋ ಬಾಗಿಲು ಬಡಿದರು. ಓಣಿಯವರು ಬನ್ನಿ ಕೊಡಲು ಬಂದಿದ್ದರು. ಅನಸವ್ವ ರೂಢಿಯಂತೆ ಏಳಹೋದಳು. ನಿಂಗಣ್ಣ ಆಕೆಯ ಕಡೆ ಕೈ ಚಾಚಿ ಕೂಡಿಸಿ, ಬಾಗಿಲಿನತ್ತ ತಿರುಗಿ ಹೇಳಿದ:

“ಸ್ವಲ್ಪ ತಡೀರಿ. ಒಳಗ ಗಿರಾಕಿ ಕುಂತಾಳ.”