ಬಿಳಿ ತಟ್ಟೆಯ ಕೆಸರು

ಬೇಸಿಗೆಯಲ್ಲಿ ಜಲಾಶಯದ ನೀರು ಇಳಿದಾಗ ಬಯಲಾಗುವ ತಳದ ಕೆಸರಿಗೆ ಒಂದು ವಾಸನೆಯಿತ್ತು. ಕೊಳೆತ ಎಲೆ, ತುಕ್ಕು ಹಿಡಿದ ಕಬ್ಬಿಣ, ಆಗಷ್ಟೇ ಆರಿದ ಬೆಂಕಿಕಡ್ಡಿ ಮೂರೂ ಸೇರಿದ ಹಾಗೆ. ಅಪ್ಪ ತೂಬು ಕಾಯುವ ಕೆಲಸದಲ್ಲಿದ್ದರು. ಸಂಜೆ ಅವರ ಪ್ಯಾಂಟಿನ ಮಡಿಕೆಯಲ್ಲಿ ಆ ವಾಸನೆ ಮನೆಗೆ ಬರುತ್ತಿತ್ತು. “ಮೊದ್ಲು ಬಚ್ಚಲಿಗೆ ನಡೀರಿ” ಎಂದು ಅಮ್ಮ ಮೂಗು ಮುಚ್ಚಿಕೊಳ್ಳುತ್ತಿದ್ದಳು. ನನಗೆ ಮಾತ್ರ ಅದು ಅಪ್ಪ ಬಂದರು ಎನ್ನುವ ಸುದ್ದಿ.

ಕಾಲೇಜು ಮುಗಿಸಿ ನೀರು ಪರೀಕ್ಷಿಸುವ ಪ್ರಯೋಗಾಲಯಕ್ಕೆ ಸೇರಿದ ದಿನ, ಬಾಗಿಲು ತೆರೆದ ಕೂಡಲೇ ಅದೇ ವಾಸನೆ ಎದುರಾಯಿತು. ಅದರ ನಡುವೆ ಹುಳದಕ್ಕ ಕೂತಿದ್ದಳು.

ಆ ಹೆಸರು ಇಟ್ಟವನು ದೋಣಿಯಣ್ಣ. ಅವನು ಜಲಾಶಯದ ನಡುವಿಗೆ ಹೋಗಿ, ಹಗ್ಗಕ್ಕೆ ಕಟ್ಟಿದ ಕಬ್ಬಿಣದ ದವಡೆಯೊಂದನ್ನು ತಳಕ್ಕೆ ಬಿಡುತ್ತಿದ್ದ. ಅದು ಒಂದು ಬಾಯಿ ಕೆಸರು ಕಚ್ಚಿಕೊಂಡು ಮೇಲೆ ಬರುತ್ತಿತ್ತು. ಹುಳದಕ್ಕ ಆ ಕೆಸರನ್ನು ಜರಡಿಯಲ್ಲಿ ತೊಳೆದು, ಉಳಿದದ್ದನ್ನು ಬಿಳಿ ತಟ್ಟೆಯ ನೀರಿಗೆ ಸುರಿದು, ಚಿಮುಟದಿಂದ ಒಂದೊಂದಾಗಿ ಎತ್ತುತ್ತಿದ್ದಳು: ರಕ್ತದಷ್ಟು ಕೆಂಪಗಿನ ಮರಿಹುಳುಗಳು, ನೂಲಿನಂಥ ಎರೆಗಳು, ಉಗುರಿನಷ್ಟು ಚಿಪ್ಪುಗಳು, ಶಂಖದ ಹುಳುಗಳು. ಪಕ್ಕದ ಮೇಜಿನಲ್ಲಿ ನಾನು ನೀರಿನ ಉಪ್ಪಿನಂಶ ನೋಡುತ್ತಿದ್ದೆ.

“ನಿನ್ನ ಸೀಸೆ ನೀರು ಇವತ್ತು ಬಂದು ನಾಳೆ ಹರಿದು ಹೋಗೋದು ಕಣೆ. ಇವು ಅಲ್ಲೇ ಹುಟ್ಟಿ ಅಲ್ಲೇ ಬೆಳೆದೋವು. ತಳದಲ್ಲಿ ಏನು ನಡೀತಿದೆ ಅಂತ ಇವನ್ನ ಕೇಳ್ಬೇಕು” ಎನ್ನುತ್ತಿದ್ದಳು. ಕೇಳುವುದೆಂದರೆ ನಿಜಕ್ಕೂ ಕೇಳುವುದೇ. “ಏನಮ್ಮಾ, ಉಸಿರಾಟ ಹೇಗಿದೆ?” ಎಂದು ತಟ್ಟೆಯೊಡನೆ ಮಾತಾಡುತ್ತಿದ್ದಳು.

ಇಬ್ಬರ ಕೂದಲೂ ಬೆಳ್ಳಗಾದ ಮೇಲೆ, ಅವಳು ಚಹಾದ ಲೋಟವನ್ನು ಮೇಜಿನ ಅಂಚಿನಾಚೆ ಇಡತೊಡಗಿದಳು. ತಟ್ಟೆ ನೋಡುವಾಗ ಕತ್ತು ಓರೆ ಮಾಡುತ್ತಿದ್ದಳು.

“ಏನಕ್ಕಾ, ಕೋಳಿ ಕಾಳು ನೋಡ್ದಂಗೆ ನೋಡ್ತೀಯ?” ಎಂದ ದೋಣಿಯಣ್ಣ.

“ಕೋಳಿ ಕಣ್ಣಿಗೆ ಒಂದು ಹುಳಾನೂ ತಪ್ಪಲ್ಲ. ನೀನು ನಿನ್ನ ದೋಣಿ ತೂತು ನೋಡ್ಕೋ ಹೋಗು.”

ಅವನು ಹೋದ ಮೇಲೆ ನನ್ನೊಡನೆ ದನಿ ತಗ್ಗಿಸಿದಳು. “ಎಲ್ಲಿ ನೋಡ್ತೀನೋ ಅಲ್ಲೇ ಒಂದು ಮಸಿ ಕೂತ್ಬಿಟ್ಟಿದೆ. ಹೋಗಲ್ವಂತೆ, ಡಾಕ್ಟ್ರು ಹೇಳಿದ್ರು. ಪಕ್ಕದಿಂದ ಕಾಣುತ್ತೆ. ಅಲುಗಿದ್ದಂತೂ ಚೆನ್ನಾಗೇ ಕಾಣುತ್ತೆ. ಇವು ಅಲುಗ್ತಾವಲ್ಲ, ಸಾಕು. ಶಂಖ, ಚಿಪ್ಪು ಬೆರಳಿಗೆ ಸಿಗುತ್ವೆ.”

“ಮೇಡಂಗೆ ಹೇಳ್ಬಾರದಾ?”

“ಹೇಳಿದ್ರೆ ಈ ಕುರ್ಚಿ ಹೋಗುತ್ತೆ. ಮನೇಲಿ ಕೂತು ನನ್ನ ಕೈ ಏನು ಮಾಡುತ್ತೆ, ನೀನೇ ಹೇಳು.”

ಅಂದಿನಿಂದ ಅವಳ ಚಹಾವನ್ನು ಎದುರಿಗಿಡದೆ, ಸ್ವಲ್ಪ ಎಡಕ್ಕೆ, ಅವಳ ಕಣ್ಣಿಗೆ ಬೀಳುವಲ್ಲಿ ಇಡತೊಡಗಿದೆ.

ಪ್ರಯೋಗಾಲಯದ ಮುಖ್ಯಸ್ಥೆಯಾಗಿ ಬಂದ ಮೇಡಂ ಹೊಸಬರು, ವಯಸ್ಸಿನಲ್ಲಿ ನಮ್ಮ ಮಕ್ಕಳಂಥವರು. ಮಧ್ಯಾಹ್ನ ಬಾಗಿಲು ಮುಚ್ಚಿಕೊಂಡು ಒಬ್ಬರೇ ಊಟ ಮಾಡುತ್ತಿದ್ದರು. ಬಿಗುಮಾನ ಎಂದು ದೋಣಿಯಣ್ಣನ ತೀರ್ಪು. ನಾಚಿಕೆ ಇರಬಹುದು ಎಂದು ನನ್ನ ಅನುಮಾನ. ಒಂದು ದಿನ ಅವರು ನಮ್ಮನ್ನೆಲ್ಲ ಕರೆದರು.

“ಕೆಸರಿಗೆ ದೋಣೀಲೇ ಆಲ್ಕೋಹಾಲ್ ಹಾಕ್ಬಿಡೋಣ. ದಾರೀಲಿ ಸೀಸೆ ಒಳಗೇ ಒಂದನ್ನೊಂದು ತಿಂದ್ಕೊಂಡು ಬಿಡ್ತವೆ. ದಡಕ್ಕೆ ಬರೋಷ್ಟರಲ್ಲಿ ಎಷ್ಟೋ ಇರೋದೇ ಇಲ್ಲ. ಮುಂದಿನ ತಿಂಗಳಿಂದ ಶುರು ಮಾಡೋಣ.”

ಮಾತು ಸರಿಯಾಗಿಯೇ ಇತ್ತು. ಹುಳದಕ್ಕ ತಲೆಯಾಡಿಸಿದಳು. ಹೊರಗೆ ಬಂದ ಮೇಲೆ “ಈಗಲಾದ್ರೂ ಹೇಳ್ಬಿಡು” ಎಂದೆ.

“ಮುಂದಿನ ತಿಂಗಳು ತಾನೆ? ಅಷ್ಟರಲ್ಲಿ ಏನಾದ್ರೂ ಯೋಚಿಸ್ತೀನಿ.”

ಆದರೆ ಆಲ್ಕೋಹಾಲಿನ ಡಬ್ಬ ಆ ವಾರವೇ ಬಂತು. ಹೇಗೂ ಬಂದಿದೆಯಲ್ಲ ಎಂದು ದೋಣಿಯಣ್ಣ ಅಂದೇ ದೋಣಿಯಲ್ಲಿ ಕೆಸರಿಗೆ ಹಾಕಿದ. ತಂದವನು ಅಕ್ಕನ ಕೆಲಸ ಹಗುರಾಗಲಿ ಎಂದು ತಾನೇ ನಲ್ಲಿಯಲ್ಲಿ ಚೆನ್ನಾಗಿ ತೊಳೆದು, ತಟ್ಟೆಗೆ ಸುರಿದಿಟ್ಟು ಹೋದ. ಆಲ್ಕೋಹಾಲಿನ ವಾಸನೆ ನೀರಿನೊಡನೆ ಹೋಯಿತು. ನಾನು ತಕ್ಕಡಿ ರಿಪೇರಿಗೆಂದು ಇನ್ನೊಂದು ಕಟ್ಟಡಕ್ಕೆ ಹೋಗಿದ್ದೆ.

ಬರುವಷ್ಟರಲ್ಲಿ ಹುಳದಕ್ಕ ಮೇಡಂ ಬಾಗಿಲಲ್ಲಿ ನಿಂತಿದ್ದಳು. ಮುಖದಲ್ಲಿ ರಕ್ತವೇ ಇರಲಿಲ್ಲ.

“ನೀರೆತ್ತೋ ಗೋಪುರದ ಹತ್ರ ಕೆಸರು ಸತ್ತೋಗಿದೆ ಮೇಡಂ. ಒಂದು ಹುಳಾನೂ ಇಲ್ಲ. ಚಿಪ್ಪು ಬಾಯಿ ಬಿಡಲಿಲ್ಲ, ಶಂಖ ಕಾಲು ಚಾಚಲಿಲ್ಲ. ಊರೆಲ್ಲ ಕುಡಿಯೋ ನೀರು. ಮೊದ್ಲು ಪಂಪ್ ನಿಲ್ಸಿ.”

ಮೇಡಂ ಫೋನಿಗೆ ಕೈ ಹಾಕಿದವರು ತಡೆದು, “ಒಂದ್ಸಲ ನೋಡ್ಬಿಡ್ತೀನಿ ಅಕ್ಕ” ಎಂದು ಮೇಜಿಗೆ ಬಂದರು. ನಾನೂ ಬಗ್ಗಿ ನೋಡಿದೆ. ತಟ್ಟೆಯ ತುಂಬ ಹುಳುಗಳು. ಕೆಂಪು ಬಿಟ್ಟು, ಬಿಳುಚಿಕೊಂಡು, ಬಿಳಿ ತಟ್ಟೆಯಲ್ಲಿ ಬಿಳಿ ದಾರದ ತುಂಡುಗಳ ಹಾಗೆ ಮಲಗಿದ್ದವು. ಆಲ್ಕೋಹಾಲ್ ಬಿದ್ದರೆ ಬಣ್ಣ ಹೋಗುತ್ತದೆ, ಅಲುಗಾಟವಂತೂ ಇರುವುದೇ ಇಲ್ಲ.

ಮೇಡಂ ಒಂದನ್ನು ಚಿಮುಟದಲ್ಲಿ ಎತ್ತಿದರು. “ಇದೇನಕ್ಕ ಮತ್ತೆ?”

ಹುಳದಕ್ಕ ಕತ್ತು ಓರೆ ಮಾಡಿದಳು. ಎಡಕ್ಕೊಮ್ಮೆ, ಬಲಕ್ಕೊಮ್ಮೆ. ಮೇಡಂ ತಟ್ಟೆ ಬಿಟ್ಟು ಅವಳ ಕತ್ತನ್ನೇ ನೋಡುತ್ತಿದ್ದರು.

“ಅಲುಗಲಿಲ್ಲ ಮೇಡಂ. ಅದಕ್ಕೇ…” ಎಂದವಳು ಅಲ್ಲಿಗೇ ನಿಂತಳು. ಆಮೇಲೆ ಕೇಳಿದಳು, “ಹಾಗಾದ್ರೆ ಇದಾವಾ? ಎಲ್ಲಾ ಇದಾವಾ?”

“ಎಲ್ಲಾ ಇದಾವೆ ಅಕ್ಕ. ದೋಣಿಯಣ್ಣ ಇವತ್ತೇ ಆಲ್ಕೋಹಾಲ್ ಹಾಕಿರ್ಬೇಕು” ಎಂದರು ಮೇಡಂ.

“ಅಬ್ಬಾ, ಬದುಕಿದ್ವಿ ಬಿಡಿ” ಎಂದು ಹುಳದಕ್ಕ ಕುರ್ಚಿಯಲ್ಲಿ ಕುಸಿದಳು. ಗುಟ್ಟು ಬಯಲಾದದ್ದು ಅವಳಿಗೆ ಹೊಳೆದದ್ದು ಆಮೇಲೆ. ಕಣ್ಣಿನ ವಿಷಯ ತಾನೇ ಹೇಳಿ, ಏಪ್ರನ್ ಬಿಚ್ಚಿ, ಅಂಗಡಿಯ ಹೊಸ ಬಟ್ಟೆಯ ಹಾಗೆ ಮಡಚಿಟ್ಟಳು. ಮೇಡಂ ಏನೋ ಹೇಳಲು ಹೊರಟರು. ಅಷ್ಟರಲ್ಲಿ ಅವಳು ಮೆಟ್ಟಿಲಿಳಿದಿದ್ದಳು.

ಮರುದಿನ ಬರಿಗೈಯಲ್ಲಿ ಬಂದಳು. ಊಟದ ಡಬ್ಬಿಯಿಲ್ಲ, ಬೀರುವಿನ ಕೀಲಿ ಕೊಟ್ಟು ಹೋಗುವುದಷ್ಟೇ ಕೆಲಸ. ಮೇಡಂ ಕೋಣೆಯಲ್ಲಿರಲಿಲ್ಲ. ಕಾದು ಕೂತೆವು. ಮಧ್ಯಾಹ್ನದ ಹೊತ್ತಿಗೆ ಮೊಣಕೈವರೆಗೆ ಕೆಸರು ಮೆತ್ತಿಕೊಂಡು ಅವರು ಬಾಗಿಲಲ್ಲಿ ಕಾಣಿಸಿಕೊಂಡರು. ಹಿಂದೆ ಸೀಸೆಗಳ ಪೆಟ್ಟಿಗೆ ಹೊತ್ತ ದೋಣಿಯಣ್ಣ.

“ಮೇಡಂ ಕೈ ಕೆಸರಾಗೋದನ್ನ ನೋಡೋಕೆ ನನ್ನ ದೋಣೀನೂ ಸ್ವಲ್ಪ ವಾಲ್ತು ಅಕ್ಕ” ಎಂದ ಅವನು. ನಗುವಿನ ಹಿಂದೆ ತಪ್ಪಿತಸ್ಥನ ಮುಖವಿತ್ತು.

ಮೇಡಂ ಎರಡು ಸೀಸೆ ಮೇಜಿನ ಮೇಲಿಟ್ಟರು. “ಒಂದೇ ಜಾಗದ ಕೆಸರು. ಆಲ್ಕೋಹಾಲ್ ಹಾಕಿದ್ದು ನನಗೆ, ಜೀವ ಇರೋದು ನಿಮಗೆ. ಬೇರೆಯವನ್ನ ತಿನ್ನೋವನ್ನ ದೋಣೀಲೇ ಆರಿಸಿ ಬೇರೆ ಹಾಕಿದೀನಿ. ನನಗೆ ಸಿಕ್ಕಿದ್ದು, ನಿಮಗೆ ಸಿಕ್ಕಿದ್ದು ಪಕ್ಕ ಪಕ್ಕ ಇಟ್ಟು ನೋಡೋಣ. ನಿಮಗೆ ತಪ್ಪಿದ್ದು ನನಗೆ ಸಿಗುತ್ತೆ.”

“ನಿಮಗೆ ತಪ್ಪಿದ್ದು?” ಎಂದಳು ಹುಳದಕ್ಕ, ಸುಮ್ಮನಿರಲಾರದೆ.

“ಅದನ್ನ ನೀವು ಹಿಡೀತೀರಲ್ಲ, ಬಿಡ್ತೀರಾ?”

“ಎಷ್ಟು ದಿನ ಹೀಗೆ ಮೇಡಂ?”

“ಗೊತ್ತಿಲ್ಲ ಅಕ್ಕ. ನೋಡೋಣ.”

ಹುಳದಕ್ಕ ಮುಷ್ಟಿಯಲ್ಲಿದ್ದ ಕೀಲಿಯನ್ನು ಮತ್ತೆ ಸೊಂಟದ ಕೊಕ್ಕೆಗೆ ಸಿಕ್ಕಿಸಿ, ಜರಡಿ ಎತ್ತಿಕೊಂಡು ನಲ್ಲಿಯತ್ತ ನಡೆದಳು. ತಟ್ಟೆಯ ನೀರು ತಿಳಿಯಾಗುವವರೆಗೆ ಕಾದಳು. ಒಂದು ಕೆಂಪು ಹುಳು ಎಂಟರ ಆಕಾರದಲ್ಲಿ ಮೈ ತಿರುಚಿತು. ಚಿಮುಟ ನೇರ ಅಲ್ಲಿಗೇ ಹೋಯಿತು. “ಏನಮ್ಮಾ, ಉಸಿರಾಟ ಹೇಗಿದೆ?”

ಮೇಡಂ ಕೈ ತೊಳೆದು ತಮ್ಮ ಕೋಣೆಗೆ ಹೋದರು. ಎಂದಿನಂತೆ ಬಾಗಿಲು ಮುಚ್ಚುತ್ತದೆಂದುಕೊಂಡೆ. ಮುಚ್ಚಲಿಲ್ಲ. ಊಟದ ಡಬ್ಬಿ ಹಿಡಿದುಕೊಂಡು ಹೊರಬಂದು, ಒಂದು ಸ್ಟೂಲು ಎಳೆದು ಹುಳದಕ್ಕನ ಪಕ್ಕ ಕೂತರು. ಮುಚ್ಚಳಕ್ಕೆ ಅರ್ಧ ಅನ್ನ, ತರಕಾರಿ ಹಾಕಿ, ಏನೂ ಹೇಳದೆ ಅದನ್ನು ಮೇಜಿನ ಮೇಲೆ ಸರಿಸಿದರು. ಹುಳದಕ್ಕನ ಎದುರಿಗಲ್ಲ, ಸ್ವಲ್ಪ ಎಡಕ್ಕೆ.